ಹಣ್ಣಾದ ಹುಳ ಆರ್ಡರಿಗೆ ಕಾಯುವುದಿಲ್ಲ

ಮರಳುಗಾಡು ಮಾಡಲು ನಮಗೆ ಹನ್ನೊಂದು ದಿನ ಹಿಡಿಯಿತು. ತಿಪ್ಪಸಂದ್ರದಿಂದ ಒಳಕ್ಕೆ ಹೋದರೆ ಸಿಗುವ ಒಂದು ಬತ್ತಿದ ಕೆರೆ. ಅದರ ಅಂಗಳಕ್ಕೆ ಟಿಪ್ಪರುಗಳಲ್ಲಿ ಎಂ-ಸ್ಯಾಂಡ್ ತಂದು ಸುರಿದರು. ಕ್ರಷರಿನ ಮರಳು ಬೂದಿ ಬಣ್ಣ. ಶೂಟಿಂಗಿನ ಮೊದಲ ಹಂತದಲ್ಲಿ ರಾಜಸ್ಥಾನಕ್ಕೆ ಹೋಗಿ ತೆಗೆದುಕೊಂಡು ಬಂದಿದ್ದ ಶಾಟುಗಳಲ್ಲಿ ಮರಳು ಕಡಲೆ ಹಿಟ್ಟಿನ ಬಣ್ಣ. ಎರಡೂ ಒಂದೇ ಜಾಗ ಅಂತ ಪ್ರೇಕ್ಷಕ ನಂಬಬೇಕು. ಆರ್ಟ್ ವಿಭಾಗದವರು ಹಳದಿ ಮಣ್ಣು ಜರಡಿ ಹಿಡಿದು ಬೆರೆಸಿದರು, ಹಳೇ ಶಾಟನ್ನು ಟ್ಯಾಬಿನಲ್ಲಿ ಹಿಡಿದು ನೋಡಿದರು, ಮತ್ತೆ ಬೆರೆಸಿದರು. ಪೂರ್ವಕ್ಕೆ ತಿರುಗಿದರೆ ಬಂಡೆ ಬೆಟ್ಟ ಕಾಣುತ್ತದೆ, ದಕ್ಷಿಣಕ್ಕೆ ತಿರುಗಿದರೆ ಹಿಪ್ಪುನೇರಳೆ ತೋಟ. ಹಾಗಾಗಿ ಕ್ಯಾಮೆರಾ ಪಶ್ಚಿಮದ ಒಂದು ತುಂಡು ಆಕಾಶ ಬಿಟ್ಟು ಬೇರೆಲ್ಲೂ ನೋಡುವಂತಿರಲಿಲ್ಲ. ಆ ಒಂದು ತುಂಡಿನ ಕೆಳಗೆ ಕಂದಕ ತೋಡಿ, ಮರಳುಮೂಟೆ ಪೇರಿಸಿ, ಗಡಿ ಅಂತ ಹೆಸರಿಟ್ಟೆವು.

ಚಿತ್ರದ ಕಥೆ ಇಷ್ಟೇ. ಮರಳುಗಾಡಿನಲ್ಲಿ ಒಂದು ಪ್ಲಟೂನು ದಾಳಿಯ ಆರ್ಡರಿಗಾಗಿ ಕಾಯುತ್ತದೆ. ದಿನಗಳು ಹೋಗುತ್ತವೆ, ಆರ್ಡರು ಬರುವುದಿಲ್ಲ. ಕೊನೆಗೆ ಯುದ್ಧ ನಿಂತಿತು ಅನ್ನುವ ಸುದ್ದಿ ಬರುತ್ತದೆ. ಒಂದು ಗುಂಡೂ ಹಾರುವುದಿಲ್ಲ. ಸ್ಕ್ರಿಪ್ಟು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮೈಯೆಲ್ಲ ತಯಾರಾಗಿ ಕೂತವನಿಗೆ ಕೆಲಸ ಕೊಡದೆ ಕೂರಿಸಿದರೆ ಅವನೊಳಗೆ ಏನಾಗುತ್ತದೆ ಅನ್ನುವುದನ್ನು ನಿರ್ದೇಶಕರು ಚೆನ್ನಾಗಿ ಬರೆದಿದ್ದರು. ಬರೆಯುವುದಕ್ಕೆ ಗೊತ್ತಿದ್ದ ಮನುಷ್ಯ ಹಾಗೆ ಯಾಕೆ ಮಾಡಿದರು ಅನ್ನುವುದೇ ನನ್ನ ಸಿಟ್ಟು.

ನಾನು ಸಹಾಯಕ ನಿರ್ದೇಶಕಿ. ಎರಡು ಕೆಲಸ ನನ್ನ ತಲೆಗೆ ಕಟ್ಟಿದ್ದರು. ಒಂದು, ಸೈನಿಕರಾಗಿ ನಿಲ್ಲುವ ಜನರನ್ನು ಹೊಂದಿಸಿ ನೋಡಿಕೊಳ್ಳುವುದು. ಇನ್ನೊಂದು, ಕಂಟಿನ್ಯೂಟಿ. ಅಂದರೆ ನಿನ್ನೆಯ ಶಾಟಿನಲ್ಲಿ ಎಡಗೈಯಲ್ಲಿದ್ದ ಮಗ್ಗು ಇವತ್ತು ಬಲಗೈಗೆ ಹೋಗದ ಹಾಗೆ ಕಾಯುವುದು. ಯಾರ ತಲೆಗೆ ಎಂಥ ವಸ್ತ್ರ ಸುತ್ತಿತ್ತು, ಯಾರ ಗಡ್ಡ ಎಷ್ಟು ಬೆಳೆದಿತ್ತು, ಯಾರ ಬೂಟಿನ ಲಾಡಿ ಬಿಚ್ಚಿತ್ತು, ಎಲ್ಲ ಫೋಟೋ ತೆಗೆದು ಹಾಳೆಗೆ ಏರಿಸಬೇಕು. ಪ್ರತಿ ಮುಖಕ್ಕೂ ಒಂದು ನಂಬರು.

ಬೆಂಗಳೂರಿನಿಂದ ಜೂನಿಯರ್ ಕಲಾವಿದರನ್ನು ಕರೆಸಿ ನೋಡಿದ್ದಾಯಿತು. ನಿರ್ದೇಶಕರಿಗೆ ಒಬ್ಬರೂ ಹಿಡಿಸಲಿಲ್ಲ. "ಎಲ್ಲ ಜಿಮ್ಮಿನ ತೋಳು, ತಿದ್ದಿಸಿದ ಹುಬ್ಬು. ಬಿಸಿಲು ಕಂಡ ಮುಖ ಬೇಕು" ಅಂದರು. ಆಗ ಬಾಯಿ ಹಾಕಿದವಳು ನಾನೇ. "ಸರ್, ಕೆರೆಯ ಪಕ್ಕದ ಊರಲ್ಲೇ ಇದ್ದಾರೆ. ಒಂದೇ ಊರಿನವರಾದರೆ ಒಗ್ಗಟ್ಟೂ ಇರುತ್ತೆ, ಪ್ಲಟೂನಿನ ಥರ ಕಾಣ್ತಾರೆ." ನಮ್ಮ ಕೋ-ಡೈರೆಕ್ಟರು, ಅಂದರೆ ನಿರ್ದೇಶಕರ ಕೆಳಗೆ ಸೆಟ್ ಓಡಿಸುವ ಮನುಷ್ಯ, "ಓದಿದ್ದು ಕೆಲಸಕ್ಕೆ ಬಂತು ನೋಡಿ ಬಿ.ಎ. ಮೇಡಂಗೆ" ಅಂತ ಹಲ್ಲು ಬಿಟ್ಟರು. ನಮ್ಮ ಮನೆಯಲ್ಲಿ ಏಳನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಆ ಬಿ.ಎ.ಗೆ ನಾನು ಪಟ್ಟ ಪಾಡು ಅವರಿಗೆ ಗೊತ್ತಿರಲಿಲ್ಲ.

ಊರಿನ ಟೀ ಅಂಗಡಿ ಮುಂದೆ ಗಂಡಸರನ್ನು ಸೇರಿಸಿ ಮಾತಾಡಿದೆ. ಎಲ್ಲರಿಗೂ ಖುಷಿ, ಮೀಸೆ ತೀಡಿಕೊಂಡರು. ಒಬ್ಬ ಹಿರಿಯರು ಮಾತ್ರ, ಮುಂದೆ ಇವರೇ ನನ್ನ ಹಾಳೆಯಲ್ಲಿ ಏಳನೇ ನಂಬರಾದರು, ಬೀಡಿ ಕೆಳಗಿಟ್ಟು ಕೇಳಿದರು.

"ಅಲ್ಲ ಕಣವ್ವ, ನಾವು ಬಂದೂಕ ಹಿಡ್ಕಂಡು ನಿಂತ್ರೆ ಹುಳ ಯಾರ್ ನೋಡಾರು? ಎಲ್ಲರ ಮನೇಲೂ ಇನ್ನೊಂದ್ ವಾರಕ್ಕೆ ನಾಕ್ನೇ ಜ್ವರಕ್ಕೆ ಕೂತ್ಕತವೆ."

ಜ್ವರ ಅಂದರೆ ಕಾಯಿಲೆ ಅಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಕೂತುಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಸಲ ಹಾಗೆ ಕೂತು ಎದ್ದ ಮೇಲೆ ಹೊಟ್ಟೆ ಬಿರಿಯೆ ತಿಂದು ಹಣ್ಣಾಗುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಈ ಊರಿನವರೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿಹುಳ ತಂದಿದ್ದರು. ಹಾಗಾಗಿ ಎಲ್ಲರ ಮನೆಯಲ್ಲೂ ಒಂದೇ ಲೆಕ್ಕ.

"ನಾನೂ ರೇಷ್ಮೆ ಮನೆಯವಳೇ ಅಜ್ಜ. ನಮ್ಮ ಅಬ್ಬಾ ರಾಮನಗರದಲ್ಲಿ ನೂಲು ತೆಗೀತಾರೆ. ಆ ಜ್ವರ ಎದ್ದು ಎಂಟು ದಿನಕ್ಕೆ ಹಣ್ಣಾಗ್ತವೆ. ನಮ್ಮ ಶೂಟಿಂಗ್ ಆರೇ ದಿನ. ಒಂದು ದಿನ ಹೆಚ್ಚಾದ್ರೂ ತೊಂದರೆ ಇಲ್ಲ" ಅಂದೆ.

"ಓಹೋಹೋ, ಸಾಬ್ರ ಮಗಳು ಹುಳದ ಜಾತ್ಕನೇ ಹೇಳ್ಬುಟ್ಳು ಕಣ್ಲಾ" ಅಂತ ಒಬ್ಬ ನಗಾಡಿದ. ಅವನು ಹತ್ತೊಂಬತ್ತನೇ ನಂಬರಾದ. ಮುಂದೆ ಇಡೀ ಪ್ಲಟೂನನ್ನು ನಗಿಸಿದವನೂ ಅವನೇ.

ನಾನು ರೇಷ್ಮೆ ಮನೆಯವಳು ಅಂದದ್ದು ಸುಳ್ಳಲ್ಲ. ಆದರೆ ನಮ್ಮ ಮನೆಗೆ ರೇಷ್ಮೆ ಬರುವುದು ಗೂಡಾಗಿ, ಮೂಟೆಯಲ್ಲಿ. ಕುದಿಯುವ ಬೇಸಿನ್ನು, ಬೆಂದ ಗೂಡಿನ ವಾಸನೆ, ಅಮ್ಮಿಯ ಸುಟ್ಟ ಬೆರಳು, ಇಷ್ಟೇ ನನಗೆ ಗೊತ್ತು. ಜೀವಂತ ಹುಳವನ್ನು ನಾನು ಹತ್ತಿರದಿಂದ ಕಂಡವಳೇ ಅಲ್ಲ. ಎಂಟು ದಿನ ಅನ್ನುವ ಲೆಕ್ಕವನ್ನು ಅಬ್ಬಾ ಮಾರುಕಟ್ಟೆಗೆ ಗೂಡು ಯಾವತ್ತು ಬರುತ್ತದೆ ಅಂತ ಆಡುವ ಮಾತಿನಿಂದ ಹಿಂದಕ್ಕೆ ಎಣಿಸಿಕೊಂಡಿದ್ದೆ. ಬೇಸಿಗೆಯ ಒಣ ಸೆಕೆಯಲ್ಲಿ ಹುಳ ಬೇಗ ಹಣ್ಣಾಗುತ್ತದೆ ಅನ್ನುವುದು ಹುಳದ ಮನೆಯ ಹೆಂಗಸರಿಗೆ ಗೊತ್ತಿತ್ತು. ನಾನು ಕೇಳಿದ್ದು ಟೀ ಅಂಗಡಿಯ ಗಂಡಸರನ್ನು. ಗೊತ್ತಿದ್ದ ಗಂಡಸರೂ ಶೂಟಿಂಗಿನ ಆಸೆಗೆ "ಏಳೋ ಎಂಟೋ" ಅಂದರು. ನಾನು ಎಂಟು ಅಂತ ಬರೆದುಕೊಂಡೆ.

ಮೂವತ್ತೆರಡು ಜನ ಸೇರಿದರು. ಅವರನ್ನು ಕವಾಯತಿಗೆ ಬಗ್ಗಿಸಲು ಚನ್ನಪಟ್ಟಣದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಗೊತ್ತು ಮಾಡಿದ್ದರು. ಅವರು ನಿಜವಾಗಿಯೂ ಮರಳುಗಾಡಿನಲ್ಲಿ ಗಡಿ ಕಾದವರು. ಒಂದು ವಾರ ಬೆಳಗಿನ ಹೊತ್ತು ರೈಫಲ್ ಹಿಡಿಯುವುದು, ತೆವಳುವುದು, ಕಂದಕದಲ್ಲಿ ಕೂರುವುದು ಕಲಿಸಿದರು. ಗಡ್ಡ ಬೋಳಿಸಬೇಡಿ ಅಂತ ನಾನು ಹೇಳಿದೆ. ಹುಳ ನಾಲ್ಕನೇ ಜ್ವರ ಎದ್ದ ಮಾರನೆಯ ದಿನ ಶೂಟಿಂಗ್ ಶುರುವಾಯಿತು. ಚಿತ್ರಗಳು ಹೊರಗೆ ಹೋಗಬಾರದು ಅಂತ ದಿನಾ ಬೆಳಗ್ಗೆ ಎಲ್ಲರ ಫೋನು ಇಸಿದುಕೊಂಡು ಒಂದು ಪ್ಲಾಸ್ಟಿಕ್ ಕ್ರೇಟಿಗೆ ಹಾಕಿ ಇಟ್ಟುಕೊಳ್ಳುವುದು ನನ್ನ ಮೂರನೆಯ ಕೆಲಸವಾಯಿತು.

ಎರಡನೆಯ ದಿನವೇ ಎಡವಟ್ಟು. ಬಿರುಗಾಳಿಯ ದೃಶ್ಯಕ್ಕೆ ದೊಡ್ಡ ಫ್ಯಾನು ಹಚ್ಚಿ ಹಳದಿ ಪುಡಿ ತೂರಿದರು. ಕ್ಯಾಮೆರಾದಲ್ಲಿ ನೋಡಿದರೆ ಮೈ ಜುಮ್ಮೆನ್ನುವ ಹಾಗಿತ್ತು. ಗಾಳಿ ತಿರುಗಿ ಪುಡಿಯೆಲ್ಲ ತೋಟದ ಸೊಪ್ಪಿನ ಮೇಲೆ ಕೂತಿತು. ಧೂಳು ಹಿಡಿದ ಸೊಪ್ಪು ಹುಳಕ್ಕೆ ಆಗುವುದಿಲ್ಲ, ತೊಳೆದ ಹಸಿ ಸೊಪ್ಪೂ ಆಗುವುದಿಲ್ಲ. ಕೆರೆ ಏರಿಯ ಮೇಲೆ ಹತ್ತು ಹದಿನೈದು ಹೆಂಗಸರು ಬಂದು ನಿಂತರು. ಮುಂದೆ ನಿಂತವರು ಏಳನೇ ನಂಬರಿನ ಹೆಂಡತಿ.

"ಯಾರವ್ವ ಇಲ್ಲಿ ಡೈರೆಕ್ಟ್ರಮ್ಮ? ನೀನೇನಾ? ನಿಮ್ ಮರಳ್ಗಾಡ್ನ ನಮ್ ತೋಟಕ್ಕೂ ಊದ್ತಿದ್ದೀರಲ್ಲ, ಹುಳದ ಬಾಯ್ಗೆ ನೀನು ಬಂದು ಮಣ್ಣಾಕ್ತೀಯಾ?"

ಫ್ಯಾನು ನಿಂತಿತು. ಅರ್ಧ ದಿನ ಕೈಬಿಟ್ಟಿತು. ಅವತ್ತು ಮಧ್ಯಾಹ್ನವೇ ಕೋ-ಡೈರೆಕ್ಟರು ಏರಿಯ ಮೇಲೆ ಕಪ್ಪು ಟೀ ಶರಟಿನ ಬೌನ್ಸರುಗಳನ್ನು ನಿಲ್ಲಿಸಿದರು. ಊರಿನವರು ಯಾರೂ ಒಳಗೆ ಬರಕೂಡದು. ಆ ಕೆರೆ ಆ ಊರಿನದು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ನನಗೂ ಸೇರಿಸಿ.

ಆಮೇಲೆ ಮೋಡ. ರಾಜಸ್ಥಾನದ ಶಾಟುಗಳಲ್ಲಿ ನೆರಳು ಚಾಕುವಿನಿಂದ ಕೊರೆದ ಹಾಗಿತ್ತು. ಇಲ್ಲಿ ಒಂದು ಮೋಡ ಅಡ್ಡ ಬಂದರೆ ನೆರಳು ಮಾಯ, ಶಾಟು ಕೂಡುವುದಿಲ್ಲ. ಬಿಸಿಲಿಗೆ ಕಾದೆವು. ಬಿಸಿಲು ಬಂದಾಗ ನಾಯಕ ನಟರು ವ್ಯಾನಿನಿಂದ ಇಳಿಯಲು ಕಾದೆವು. ಅವರು ಇಳಿದಾಗ ಮತ್ತೆ ಮೋಡ. ನಾಲ್ಕು ದಿನಕ್ಕೆ ಎರಡೂವರೆ ದಿನದ ಕೆಲಸ ಆಗಿತ್ತು. ಈ ಮೂವತ್ತೆರಡು ಜನ ಕಂದಕದ ಪಕ್ಕದ ಶಾಮಿಯಾನದ ಕೆಳಗೆ ಚೌಕಾಬಾರ ಆಡುತ್ತಿದ್ದರು. ಹತ್ತೊಂಬತ್ತನೇ ನಂಬರಿನವನು ನಿರ್ದೇಶಕರ ಅನುಕರಣೆ ಮಾಡುತ್ತಿದ್ದ. "ಮೋಡಕ್ಕೊಂದು ಕಾಲ್‌ಶೀಟ್ ಕೊಡ್ರಪ್ಪಾ, ಟೈಮ್ಗೆ ಸರ್ಯಾಗ್ ಬತ್ತಿಲ್ಲ ಅದು."

ಐದನೆಯ ದಿನ ನಿರ್ದೇಶಕರು ಆ ನಗುವನ್ನು ಮಾನಿಟರಿನಲ್ಲಿ ಕಂಡರು. ಹಿನ್ನೆಲೆಯಲ್ಲಿ ಕೂತವರ ಮುಖದಲ್ಲಿ ಕಾಯುವ ಬಾಧೆ ಇಲ್ಲ ಅಂದರು. ಮೆಲು ಮಾತಿನ ಮನುಷ್ಯ ಅವರು, ಒಂದು ದಿನವೂ ದನಿ ಏರಿಸಿದವರಲ್ಲ. ಅದೇ ಮೆಲು ದನಿಯಲ್ಲಿ ಮೂರು ಮಾತು ಹೇಳಿದರು. ಶಾಮಿಯಾನ ಬಿಚ್ಚಿಸಿ. ಶಾಟು ಯಾವಾಗ ಅಂತ ಅವರಿಗೆ ಹೇಳಬೇಡಿ. ಬೆಳಗ್ಗೆ ಆರರಿಂದ ಸಂಜೆವರೆಗೆ ಕಂದಕದಲ್ಲೇ ಕೂರಲಿ, ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ.

"ಸರ್, ಸೆಕೆ ಮೂವತ್ತೆಂಟು ದಾಟ್ತಿದೆ" ಅಂದೆ.

"ಅದಕ್ಕೇ ಅಮ್ಮಾ" ಅಂದರು.

ಶಾಮಿಯಾನ ಬಿಚ್ಚಿದರು. ಆ ಬಟ್ಟೆಯನ್ನು ತೆಗೆದುಕೊಂಡು ಹೋಗಿ ಜನರೇಟರಿಗೆ ನೆರಳು ಮಾಡಿದರು. ಮೂವತ್ತೆರಡು ಜನ ಎರಡು ದಿನ ಆ ಗುಂಡಿಯಲ್ಲಿ ಕೂತರು, ಉಣ್ಣೆ ಸಾಕ್ಸು, ಬೂಟು, ಹೆಲ್ಮೆಟ್ಟು ಸಮೇತ. ಅದರಲ್ಲಿ ಒಂದು ಗಂಟೆ ಕೂಡ ಕ್ಯಾಮೆರಾ ಅವರ ಕಡೆ ತಿರುಗಲಿಲ್ಲ. ಹವಾಲ್ದಾರರು ಮಾತ್ರ ತಾವೂ ಇಳಿದು ಅವರ ಜೊತೆ ಕೂತರು. ಯಾರೂ ಅವರಿಗೆ ಹೇಳಿರಲಿಲ್ಲ.

ಆರನೆಯ ದಿನ ಸಂಜೆ ಇನ್ನೊಂದು ದಿನ ಬೇಕು ಅಂತ ಗೊತ್ತಾಯಿತು. ಉಳಿದದ್ದು ಒಂದೇ ದೃಶ್ಯ. ಯುದ್ಧ ನಿಂತಿತು ಅನ್ನುವ ಸುದ್ದಿ ಕೇಳುವ ಮುಂಚಿನ ಮುಖಗಳು. ನಾನು ಬೆರಳು ಮಡಿಚಿ ಎಣಿಸಿದೆ. ಏಳನೇ ದಿನ. ಇನ್ನೂ ಒಂದು ದಿನ ಕೈಯಲ್ಲಿದೆ. ಏಳನೇ ನಂಬರು "ನಾಳೆ ಒಸಿ ಬೇಗ ಬುಡುಸ್ಬುಡವ್ವ, ಬಣ್ಣ ತಿರುಗ್ತಾ ಅವೆ ಅಂತಾವ್ಳೆ ನಮ್ಮೋಳು" ಅಂದರು. "ಮಧ್ಯಾಹ್ನ ಬಿಡ್ತೀವಿ ಅಜ್ಜ" ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಏಳನೆಯ ದಿನ ಬೆಳಗ್ಗೆ ಹತ್ತೂಕಾಲಿಗೆ ನನ್ನ ಕಾಲ ಬಳಿಯ ಕ್ರೇಟು ಗುರ್ ಅಂದಿತು. ಒಂದು ಫೋನು. ಅದು ನಿಲ್ಲುವ ಮುಂಚೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ. ಬಗ್ಗಿ ನೋಡಿದೆ. ಪರದೆಗಳ ಮೇಲೆ 'ಮನೆ', 'ಅವ್ವ', 'ಮಗಳು'. ಒಂದನ್ನು ಎತ್ತಿಕೊಂಡೆ.

"ಅಪ್ಪಾ, ಹುಳ ಹಣ್ಣಾಗೋದ್ವು! ಎಲ್ಲಾ ತಟ್ಟೇಲೂ! ಜಲ್ದಿ ಬಾರಪ್ಪೋ" ಅಂತ ಒಂದು ಹುಡುಗಿ ದನಿ. ನಾನು ಯಾರು ಅಂತ ಹೇಳುವುದರೊಳಗೆ ಫೋನಿಟ್ಟಳು. ಅಪ್ಪನಿಗೆ ಮುಟ್ಟಿತು ಅಂತಲೇ ತಿಳಿದುಕೊಂಡಿರಬೇಕು.

ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ. ಬಾಯಿಂದ ಎಳೆ ಬಿಡುತ್ತಾ ಜಾಗ ಹುಡುಕುತ್ತದೆ. ಒಂದೊಂದೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಸುತ್ತು ಸುತ್ತಾಗಿ ಪಟ್ಟಿ ಕಟ್ಟಿದ ಬಿದಿರ ತಟ್ಟಿಗೆ ಬಿಡಬೇಕು. ಬಿಡದಿದ್ದರೆ ಇದ್ದಲ್ಲೇ, ಕಸದಲ್ಲಿ, ಸೊಪ್ಪಿನ ಕಡ್ಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಸಾವಿರಾರು ಹುಳ. ಮನೆಮಂದಿಯಿಂದ ಆಗುವ ಕೆಲಸವಲ್ಲ, ಒಂದು ಮನೆಯವರು ಇನ್ನೊಂದು ಮನೆಗೆ ಮುಯ್ಯಾಳಾಗಿ ಹೋಗುತ್ತಾರೆ. ಆ ಊರಿನ ಮುಯ್ಯಾಳುಗಳೆಲ್ಲ ನನ್ನ ಕಂದಕದಲ್ಲಿ ರೈಫಲ್ ಹಿಡಿದು ಕೂತಿದ್ದರು.

ಕೋ-ಡೈರೆಕ್ಟರ ಬಳಿ ಓಡಿದೆ. "ಹುಳ ತಾನೆ? ಸಂಜೆ ನೋಡ್ಕೋತಾರೆ ಬಿಡಿ. ಈಗ ಬಾಯಿ ಬಿಟ್ರೆ ಒಬ್ಬನೂ ನಿಲ್ಲಲ್ಲ. ಒಬ್ಬ ಎದ್ದು ಹೋದ್ರೂ ಫ್ರೇಮು ಹೋಯ್ತು, ಕಂಟಿನ್ಯೂಟಿ ನಿಮ್ದೇ ಅಲ್ವಾ?" ಅಂದರು. ನನ್ನ ಹಾಳೆಯನ್ನೇ ನನಗೆ ತೋರಿಸಿದರು. ಅವರು ಹೇಳಿದ್ದು ಲೆಕ್ಕದಲ್ಲಿ ಸರಿಯಿತ್ತು. ವಾಪಸು ಬಂದು ಕ್ರೇಟಿನ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಕೂತೆ. ಇನ್ನೇನು ಶಾಟು ಆಗುತ್ತದೆ, ಆದ ತಕ್ಷಣ ಬಿಡುತ್ತೇನೆ ಅಂದುಕೊಂಡೆ. ಮೋಡ ಬಂತು. ಮೋಡ ಹೋಯಿತು. ಹಲಗೆಯ ಕೆಳಗೆ ಗುರುಗುಟ್ಟುವುದು ನಿಲ್ಲಲಿಲ್ಲ. ನಾನೂ ಏಳಲಿಲ್ಲ. ಬೇರೆಯವರ ತಪ್ಪು ಬರೆಯಲು ಕೂತವಳು ಇದನ್ನು ಬಿಡುವ ಹಾಗಿಲ್ಲ.

ಹನ್ನೆರಡು ಗಂಟೆಗೆ ಹವಾಲ್ದಾರರು ನೀರು ತುಂಬಿಕೊಳ್ಳಲು ಕಂದಕದಿಂದ ಎದ್ದು ಬಂದರು. ಸದ್ದು ಅವರ ಕಿವಿಗೆ ಬಿತ್ತು.

"ಏನ್ ಮೇಡಂ ಅದು, ಜೇನು ಸಾಕಿದ್ದೀರಾ?"

ಹೇಳಿದೆ. ಅವರು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ನೋಡಿ ಮೇಡಂ, ನಾವು ನಿಜ್ವಾಗ್ಲೂ ಮರಳಲ್ಲಿ ಕಾಯ್ದೋರು. ಊಟ ತಡ ಆಗೋದು, ನೀರು ತಡ ಆಗೋದು. ಮನೆ ಕಾಗ್ದ ಬಂದ್ರೆ ಮಾತ್ರ ಬಂದ ದಿವ್ಸನೇ ಕೈಗ್ ಕೊಡೋರು. ಸಾವಿನ್ ಸುದ್ದಿ ಇದ್ರೂನೂವೆ. ಅದ್ನ ಮುಚ್ಚಿಟ್ಟ ಆಫೀಸರ್ನ ನಾನ್ ಒಬ್ನೂ ಕಂಡಿಲ್ಲ."

ಅಷ್ಟು ಹೇಳಿ ಮತ್ತೆ ಕಂದಕಕ್ಕೆ ಇಳಿದರು.

ನಾನು ಎದ್ದು ನೇರ ನಿರ್ದೇಶಕರ ಬಳಿಗೆ ಹೋದೆ. ಮಾನಿಟರಿನ ಮುಂದೆ ಕೊಡೆಯ ಕೆಳಗೆ ಕೂತಿದ್ದರು. ಹುಳ ಅಂದರೇನು, ಹಣ್ಣಾಗುವುದು ಅಂದರೇನು, ಈಗ ಹೋಗದಿದ್ದರೆ ಒಂದು ತಿಂಗಳ ಬೆಳೆ ಏನಾಗುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣು ಬೆಳಗಿತು. ಅರ್ಥವಾಯಿತು, ಬಿಡುತ್ತಾರೆ ಅಂದುಕೊಂಡೆ.

"ಇದು ಅವರಿಗಿನ್ನೂ ಗೊತ್ತಿಲ್ವಾ?" ಅಂದರು.

"ಇಲ್ಲ ಸರ್."

"ಒಳ್ಳೇದಾಯ್ತು. ಕ್ಯಾಮೆರಾ ರೋಲ್ ಆದ ಮೇಲೆ ಮೈಕಲ್ಲಿ ಹೇಳಿ. ಹೇಳಿ, ಆದರೆ ಏಳೋದಕ್ಕೆ ಬಿಡಬೇಡಿ. ಶಾಟ್ ಮುಗಿಯೋವರೆಗೂ ಯಾರೂ ಏಳೋ ಹಾಗಿಲ್ಲ ಅನ್ನಿ. ನಾಲ್ಕು ನಿಮಿಷ ಸಾಕು. ಆ ನಾಲ್ಕು ನಿಮಿಷದ ಮುಖ ಯಾವ ನಟನೂ ಕೊಡಕ್ಕಾಗಲ್ಲ ಅಮ್ಮಾ."

ಮನುಷ್ಯ ಕೆಟ್ಟವನಾಗಿ ಮಾತಾಡಿದ್ದರೆ ಬೈದು ಬರಬಹುದಿತ್ತು. ಅವರು ಸಂತೋಷದಿಂದ ಮಾತಾಡುತ್ತಿದ್ದರು. ಒಂದು ಊರಿನ ಬೆಳೆ ಕಸದಲ್ಲಿ ಗೂಡು ಕಟ್ಟುತ್ತಿರುವುದು ಅವರಿಗೆ ಒಂದು ಒಳ್ಳೆಯ ಕ್ಲೋಸಪ್ಪಾಗಿ ಕಂಡಿತ್ತು. ಮೈಕನ್ನು ನನ್ನ ಕೈಗೆ ಕೊಟ್ಟರು. ಲೆನ್ಸು ಬದಲಿಸಲು ಹೇಳಿದರು. ಲೆನ್ಸು ಬದಲಿಸಲು ಐದು ನಿಮಿಷ ಬೇಕು ಅಂತ ನನಗೆ ಗೊತ್ತಿತ್ತು.

ಮೈಕನ್ನು ಅಲ್ಲೇ ಕುರ್ಚಿಯ ಮೇಲಿಟ್ಟೆ. ಕ್ರೇಟು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು ಕಂದಕಕ್ಕೆ ಇಳಿದೆ.

"ನಿಮ್ಮ ನಿಮ್ಮ ಫೋನ್ ತಗೊಳ್ಳಿ. ಹುಳ ಹಣ್ಣಾಗಿದಾವೆ. ಮನೆಯಿಂದ ಫೋನ್ ಮೇಲೆ ಫೋನ್ ಬರ್ತಿದೆ. ಹೊರಡಿ."

ಏಳನೇ ನಂಬರು ತಮ್ಮ ಫೋನು ಹುಡುಕಿ ತೆಗೆದು, ಪರದೆ ದೂರ ಹಿಡಿದು ನೋಡಿದರು.

"ಹತ್ತೂಕಾಲಿಂದನೇ ಮಾಡಾವ್ರಲ್ಲವ್ವಾ" ಅಂದರು. ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

"ಹೌದು ಅಜ್ಜ. ನನ್ನ ಹತ್ರನೇ ಇತ್ತು."

ಹವಾಲ್ದಾರರು ಎದ್ದು ನಿಂತು ಕೂಗಿದರು. "ರೈಫಲ್ ನೆಲಕ್ಕಿಡಿ! ಹೆಲ್ಮೆಟ್ ಪಕ್ಕಕ್ಕೆ! ನಡೀರಿ!" ಒಂದು ವಾರ ಕಲಿತದ್ದು ಸುಳ್ಳಾಗಲಿಲ್ಲ. ಮೂವತ್ತೆರಡು ರೈಫಲ್ಲು ಒಂದೇ ಸಾಲಿನಲ್ಲಿ ಮಲಗಿದವು. ಹತ್ತೊಂಬತ್ತನೇ ನಂಬರಿನವನು ಬೂಟು ಕಿತ್ತೊಗೆದು ಮರಳುಮೂಟೆ ಹತ್ತಿದ. "ಯುದ್ಧ ಈಗ ಸುರುವಾಯ್ತು ಕಣ್ರಲಾ, ಓಡ್ರೋ!" ಎಲ್ಲರೂ ಓಡಿದರು. ಬೌನ್ಸರುಗಳು ಕೈ ಅಡ್ಡ ಹಿಡಿದು ಆಮೇಲೆ ಪಕ್ಕಕ್ಕೆ ಸರಿದರು. ಕ್ಯಾಮೆರಾ ಆಗ ರೋಲ್ ಆಗಿರಲಿಲ್ಲ, ಲೆನ್ಸು ಇನ್ನೂ ಸಹಾಯಕನ ಕೈಯಲ್ಲಿತ್ತು. ಅದನ್ನು ಎರಡು ಸಲ ತಿರುಗಿ ನೋಡಿ ಖಚಿತ ಮಾಡಿಕೊಂಡೆ. ಗಡಿಯಾರ ಹನ್ನೆರಡೂವರೆ. ಎರಡೂಕಾಲು ಗಂಟೆ ಆ ಸುದ್ದಿಯನ್ನು ನಾನು ತಡೆದಿಟ್ಟಿದ್ದೆ.

ಕೋ-ಡೈರೆಕ್ಟರು ಬಂದು ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನೂ ಹಿಂತಿರುಗಿ ಎರಡು ಮಾತು ಅಂದೆ. ಆಮೇಲೆ ಊರಿನ ಕಡೆ ನಡೆದೆ.

ಏಳನೇ ನಂಬರಿನ ಮನೆಯ ಬಾಗಿಲಲ್ಲಿ ಅವರ ಹೆಂಡತಿ ನನ್ನನ್ನು ತಡೆದರು. "ಅಲ್ಲೇ ನಿಲ್ಲು. ಸೆಂಟು ಗಿಂಟು ಬಳ್ಕಂಡಿದ್ದೀಯಾ? ಕೈಕಾಲು ತೊಳಿ, ಆ ಬ್ಲೀಚಿಂಗ್ ಪುಡಿ ನೀರಲ್ಲಿ ಕಾಲದ್ದು." ಅದ್ದಿದೆ. "ನಾನು ಹನ್ನೊಂದು ಗಂಟೆಗೇ ಕೆರೆ ತಾವ್ ಬಂದಿದ್ದೆ ಕಣೆ. ಆ ಕರೀ ಬಟ್ಟೆಯೋನು ಶೂಟಿಂಗ್ ನಡೀತೈತೆ ಹೋಗಮ್ಮ ಅಂದ. ಏನ್ ಶೂಟಿಂಗ್ ನಡೀತಿತ್ತು?" ಅಂತ ಕೇಳಿದರು.

"ಏನೂ ನಡೀತಿರಲಿಲ್ಲ ಅಮ್ಮ. ಮೋಡ ಇತ್ತು."

ಅವರು ನನ್ನ ಮುಖ ನೋಡಿದರು. ಒಂದು ಬುಟ್ಟಿ ಕೊಟ್ಟರು. "ಆರ್ಸು."

ಹುಳ ನನ್ನ ಅಂಗೈಯಲ್ಲಿ ತಣ್ಣಗಿತ್ತು. ಜೇನಿನ ಬಣ್ಣ ತಿರುಗಿ, ಬೆಳಕಿಗೆ ಹಿಡಿದರೆ ಒಳಗಿನ ರೇಷ್ಮೆ ಕಾಣುವ ಹಾಗೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ನನ್ನ ಬೆರಳಿಗೇ ಎಳೆ ಸುತ್ತಲು ನೋಡುತ್ತಿತ್ತು. ಇಪ್ಪತ್ತಾರು ವರ್ಷ ಇದರ ಅನ್ನ ತಿಂದಿದ್ದೆ, ಮುಟ್ಟಿದ್ದು ಅವತ್ತೇ. ಮೇಲಿನ ತಟ್ಟೆಗಳನ್ನು ಹೆಂಗಸರು ಬೆಳಗ್ಗೆಯಿಂದ ಆರಿಸಿ ಮುಗಿಸಿದ್ದರು. ಕೆಳಗಿನ ತಟ್ಟೆಗಳಿಗೆ ಕೈ ಸಾಲದೆ ಬಿಟ್ಟಿದ್ದರು. ಅಲ್ಲಿ ಕಡ್ಡಿಗಳ ನಡುವೆ ಬಿಳಿ ಜೇಡರ ಬಲೆಯಂತೆ ಆಗಲೇ ಹೆಣೆದುಕೊಂಡಿತ್ತು. ಗಂಡಸರು ಮಿಲಿಟರಿ ಪ್ಯಾಂಟಿನಲ್ಲೇ, ಕೈಕಾಲು ತೊಳೆದು, ಮನೆಯಿಂದ ಮನೆಗೆ ಹೋಗುತ್ತಿದ್ದರು. ಹತ್ತೊಂಬತ್ತನೇ ನಂಬರಿನವನು ಎರಡೂ ಕೈಯಲ್ಲಿ ಆರಿಸುತ್ತಿದ್ದ. ಸಂಜೆ ಕೊನೆಯ ಬಸ್ಸಿಗೆ ನನ್ನನ್ನು ಕಳಿಸಿ ಅವರು ಮುಂದುವರಿಸಿದರು.

ಮಾರನೆಯ ದಿನ ಬೆಳಗ್ಗೆ ಆರಕ್ಕೆ ಸೆಟ್ಟಿಗೆ ಹೋದೆ, ನನ್ನ ಹಾಳೆಗಳನ್ನು ಒಪ್ಪಿಸಿ ಬರಲು. ಕಂದಕದ ಪಕ್ಕದಲ್ಲಿ ಮೂವತ್ತೆರಡು ಜನ ಯೂನಿಫಾರ್ಮಿನಲ್ಲಿ ನಿಂತಿದ್ದರು. ಒಬ್ಬನೂ ಕಡಿಮೆಯಿಲ್ಲ. ಯಾರೂ ಕರೆದಿರಲಿಲ್ಲ.

"ಒಪ್ಕಂಡ ಕೆಲ್ಸ ಅಲ್ವೇನವ್ವ, ಅರ್ಧಕ್ಕೆ ಬುಡಕ್ಕಾಯ್ತದಾ?" ಅಂದರು ಏಳನೇ ನಂಬರು. ಕಣ್ಣು ಕೆಂಡವಾಗಿತ್ತು, ರೆಪ್ಪೆ ಮುಚ್ಚಿಕೊಂಡು ಬರುತ್ತಿತ್ತು.

ಆಕಾಶ ತೊಳೆದ ಹಾಗಿತ್ತು. ಶಾಟು ನಲವತ್ತು ನಿಮಿಷದಲ್ಲಿ ಮುಗಿಯಿತು. ಎರಡೂವರೆ ದಿನ ಬಿಸಿಲಲ್ಲಿ ಸುಟ್ಟದ್ದು ಆ ನಲವತ್ತು ನಿಮಿಷದ ಕೆಲಸಕ್ಕೆ. ನಿರ್ದೇಶಕರು ಮಾನಿಟರಿನಿಂದ ಎದ್ದು ಬಂದು ಕೈ ಜೋಡಿಸಿದರು. "ನೋಡಿದಿರಾ? ಈ ಮುಖ. ಕಾಯ್ದು ಕಾಯ್ದು ಸೋತ ಮುಖ. ಇದಕ್ಕೇ ನಾನು ಹಟ ಹಿಡಿದದ್ದು."

"ಸರ್, ರಾತ್ರಿಯೆಲ್ಲ ಹುಳ ಆರಿಸಿ ಬಂದಿದ್ದಾರೆ" ಅಂದೆ. "ಇದು ದುಡಿದು ದಣಿದ ಮುಖ. ನೀವು ಕೂರಿಸಿ ಕಾಯಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವರು ನಕ್ಕು, "ಪರದೆ ಮೇಲೆ ಎರಡೂ ಒಂದೇ ಅಮ್ಮಾ" ಅಂದರು. ಹತ್ತು ನಿಮಿಷದ ಮೇಲೆ ಕೋ-ಡೈರೆಕ್ಟರು ಬಂದು ನಾಳೆಯಿಂದ ಬರಬೇಡಿ ಅಂದರು. ಬರುವ ಯೋಚನೆ ನನಗೂ ಇರಲಿಲ್ಲ.

ಗೂಡು ಬಿಡಿಸುವ ದಿನ ಊರಿಗೆ ಮತ್ತೆ ಹೋದೆ. ಜಗುಲಿಯ ಮೇಲೆ ಹೆಂಗಸರು ಚಂದ್ರಿಕೆ ಮಡಿಲಲ್ಲಿಟ್ಟುಕೊಂಡು ಗೂಡು ಬಿಡಿಸುತ್ತಿದ್ದರು. ಒಳ್ಳೆಯ ಗೂಡು, ಗಟ್ಟಿ, ಮಾರುಕಟ್ಟೆಯಲ್ಲಿ ಅಬ್ಬಾ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗುವಂಥದ್ದು. ಅದರ ಪಕ್ಕಕ್ಕೆ ಬೇರೆ ಎರಡು ಕುಕ್ಕೆ. ಕೆಳಗಿನ ತಟ್ಟೆಗಳದ್ದು. ಏಳನೇ ನಂಬರಿನ ಹೆಂಡತಿ ಅದರಿಂದ ಒಂದು ತೆಗೆದು ನನ್ನ ಕೈಯಲ್ಲಿಟ್ಟರು. ಎರಡು ಹುಳ ಒಂದಕ್ಕೊಂದು ಅಂಟಿ ಕಟ್ಟಿದ್ದು, ಚಪ್ಪಟೆ, ಹಿಕ್ಕೆಯ ಕಲೆ, ನಡುವೆ ಸೊಪ್ಪಿನ ಕಡ್ಡಿ.

"ನಿಮ್ಮಪ್ಪ ನೂಲು ತೆಗೆಯೋರಲ್ವಾ? ಇದ್ರಲ್ಲಿ ಎಳೆ ಬತ್ತದೇನವ್ವ?"

ತಿರುಗಿಸಿ ನೋಡುವ ಅಗತ್ಯವಿರಲಿಲ್ಲ. ಈ ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. "ಬರಲ್ಲ ಅಮ್ಮ."

"ಹಂಗಾದ್ರೆ ತಕ್ಕಂಡೋಗಿ ನಿಮ್ ಡೈರೆಕ್ಟ್ರಿಗೆ ಕೊಡು. ಕಾಯ್ಸುದ್ರೆ ಏನಾಯ್ತದೆ ಅಂತ ಸಿನಿಮಾ ತೆಗೀತಾವ್ರಂತಲ್ಲ. ಹಿಂಗಾಯ್ತದೆ ಅನ್ನು."

ಮಾರನೆಯ ದಿನ ಬೆಂಗಳೂರಿನ ಅವರ ಆಫೀಸಿಗೆ ಹೋದೆ. ನಿರ್ದೇಶಕರು ಎಡಿಟಿಂಗಿನಲ್ಲಿದ್ದಾರೆ, ಕಾಯಬೇಕು ಅಂದರು. ಕಾಯಲಿಲ್ಲ. ಗೂಡನ್ನು ಕವರಿಗೆ ಹಾಕಿ, ಆ ಅಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆದು, ಅಂಟಿಸಿ, ಮೇಜಿನ ಹಿಂದೆ ಕೂತಿದ್ದವರ ಕೈಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದೆ.